ಪಕ್ಕವಾದ್ಯದವರನ್ನು ಒಂದು ನಿಮಿಷದಲ್ಲಿ ಅಳೆಯಬೇಡಿ

ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ 'ಜೈಂಟ್ ಸ್ಟೆಪ್ಸ್' ಎಂಬ ರೆಕಾರ್ಡಿಂಗ್ ಒಂದಿದೆ. 1959ರದ್ದು, ಐದು ನಿಮಿಷವೂ ಇಲ್ಲ. ಅದರಲ್ಲಿ ಕೋಲ್ಟ್ರೇನ್ ನುಡಿಸಿದ್ದನ್ನು ಕೇಳಿ ಇವತ್ತಿಗೂ ಸಂಗೀತಗಾರರು ಬೆರಗಾಗುತ್ತಾರೆ. ಅವರ ಸರದಿ ಮುಗಿದ ಮೇಲೆ ಪಿಯಾನೊದವರ ಸರದಿ ಬರುತ್ತದೆ. ಅಲ್ಲಿ ಕೈ ತಡವರಿಸುತ್ತದೆ. ಎರಡು ಸ್ವರ ಬರುತ್ತವೆ, ನಿಲ್ಲುತ್ತವೆ, ಮತ್ತೆ ಹೊರಡುತ್ತವೆ. ಹೆಚ್ಚುಕಡಿಮೆ ಒಂದು ನಿಮಿಷ ಹೀಗೇ ಸಾಗುತ್ತದೆ.

ಆ ಒಂದು ನಿಮಿಷವನ್ನು ಹಿಡಿದುಕೊಂಡು ನಗುವವರು ಬಹಳ ಜನ. ಜಾಝ್ ಸಂಗೀತದ ಬಗ್ಗೆ ಮಾತಾಡುವ ಕಡೆಯೆಲ್ಲ ಈ ತಮಾಷೆ ಬರುತ್ತದೆ. 'ಪಾಪ, ಪಿಯಾನೊದವನು ಸಿಕ್ಕಿಹಾಕಿಕೊಂಡ' ಅನ್ನುತ್ತಾರೆ.

ಆ ಪಿಯಾನೊದವರ ಹೆಸರು ಟಾಮಿ ಫ್ಲಾನಗನ್. ನಮ್ಮ ಪ್ರಕಾರ ಈ ನಗು ಅನ್ಯಾಯದ್ದು. ಯಾಕೆ ಅಂತ ಹೇಳಬೇಕಾದರೆ ಅವರ ಬದುಕನ್ನು ಮೊದಲಿಂದ ನೋಡಬೇಕು.

ಫ್ಲಾನಗನ್ ಹುಟ್ಟಿದ್ದು 1930ರ ಮಾರ್ಚ್ 16ರಂದು, ಕಾರು ಕಾರ್ಖಾನೆಗಳ ಊರು ಡೆಟ್ರಾಯಿಟ್‌ನಲ್ಲಿ. ತಂದೆ ತಾಯಿ ದಕ್ಷಿಣದ ಜಾರ್ಜಿಯಾ ರಾಜ್ಯದಿಂದ ಬಂದ ಕಪ್ಪು ಜನ. ತಂದೆ ಅಂಚೆ ಹಂಚುವ ಕೆಲಸ ಮಾಡುತ್ತಿದ್ದರು. ಆರು ಮಕ್ಕಳಲ್ಲಿ ಇವರೇ ಕೊನೆಯವರು. ಆರನೇ ವಯಸ್ಸಿಗೆ ಕೈಗೆ ಬಂದದ್ದು ಕ್ಲಾರಿನೆಟ್. ಆದರೆ ಅಣ್ಣ ಪಿಯಾನೊ ಕಲಿಯುತ್ತಿದ್ದ, ತಮ್ಮನ ಮನಸ್ಸೂ ಅತ್ತಲೇ ಹೋಯಿತು. ಮುಂದೆ ಊರಿನ ಬ್ಲೂ ಬರ್ಡ್ ಇನ್ ಎಂಬ ಕ್ಲಬ್ಬಿನಲ್ಲಿ ನುಡಿಸಿ ಕೈ ಪಳಗಿಸಿಕೊಂಡರು. ನಡುವೆ ಸೈನ್ಯಕ್ಕೆ ಕರೆ ಬಂತು, ಕೊರಿಯಾಕ್ಕೂ ಹೋಗಿ ಬಂದರು.

1956ರಲ್ಲಿ ನ್ಯೂಯಾರ್ಕ್ ಸೇರಿದರು. ಅದೇ ವರ್ಷ ಮಾರ್ಚ್ 16ರಂದು, ತಮಗೆ 26 ತುಂಬಿದ ದಿನವೇ, ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜೊತೆ ರೆಕಾರ್ಡಿಂಗ್ ಮಾಡಿದರು. ಜೂನ್‌ನಲ್ಲಿ ಸನ್ನಿ ರಾಲಿನ್ಸ್ ಅವರ 'ಸ್ಯಾಕ್ಸೊಫೋನ್ ಕೊಲೊಸಸ್'. ಜಾಝ್ ಗೊತ್ತಿರುವವರಿಗೆ ಇವೆಲ್ಲ ದೊಡ್ಡ ಹೆಸರುಗಳು. ಹೊಸದಾಗಿ ಬಂದ ಹುಡುಗನನ್ನು ಇಂಥವರು ಪಕ್ಕದಲ್ಲಿ ಕೂರಿಸಿಕೊಂಡರು ಅಂದರೆ ಸುಮ್ಮನೆ ಅಲ್ಲ.

ಈಗ ಆ ಒಂದು ನಿಮಿಷಕ್ಕೆ ಬರೋಣ.

ನಮ್ಮ ಭಜನೆಯಲ್ಲಿ ಹಾರ್ಮೋನಿಯಂನವರು ಒಂದು ಶ್ರುತಿ ಹಿಡಿದರೆ ಹಾಡು ಮುಗಿಯುವವರೆಗೆ ಅದೇ ಶ್ರುತಿ. 'ಜೈಂಟ್ ಸ್ಟೆಪ್ಸ್' ಹಾಗಲ್ಲ. ಅಲ್ಲಿ ಶ್ರುತಿಯೇ ಮೂರು ಜಾಗಗಳ ನಡುವೆ ಮತ್ತೆ ಮತ್ತೆ ಜಿಗಿಯುತ್ತದೆ. ವೇಗವೋ, ನಿಮಿಷಕ್ಕೆ 280ಕ್ಕೂ ಹೆಚ್ಚು ತಾಳದ ಪೆಟ್ಟು. ರಾಗದ ಒಂದು ಸುತ್ತು 13-14 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಅಷ್ಟರೊಳಗೆ ಎಲ್ಲ ಜಿಗಿತಗಳನ್ನೂ ದಾಟಿ, ಅಲ್ಲೇ ಹೊಸದಾಗಿ ಏನಾದರೂ ಕಟ್ಟಿ ನುಡಿಸಬೇಕು.

ಇದು ಕೋಲ್ಟ್ರೇನ್ ತಾವೇ ಕಟ್ಟಿ ತಾವೇ ಅಭ್ಯಾಸ ಮಾಡಿದ ದಾರಿ. ಫ್ಲಾನಗನ್‌ಗೆ ಸ್ವರಗಳ ಜೋಡಣೆಯನ್ನು ಮೊದಲೇ ತೋರಿಸಿದ್ದರು, ವೇಗ ಮಾತ್ರ ಗೊತ್ತಿರಲಿಲ್ಲ. ನಿಧಾನದ ಹಾಡು ಅಂದುಕೊಂಡಿದ್ದೆ ಎಂದು ಫ್ಲಾನಗನ್ ಆಮೇಲೆ ಹೇಳಿಕೊಂಡಿದ್ದಾರೆ. ಸ್ಟುಡಿಯೊಗೆ ಹೋದ ಮೇಲೆ ನೋಡಿದರೆ ಕುದುರೆ ಓಟ.

ಇನ್ನೊಂದು ಸಂಗತಿಯನ್ನು ನಗುವವರು ಹೇಳುವುದಿಲ್ಲ. ಇದಕ್ಕೂ ಕೆಲವು ವಾರ ಮೊದಲು ಕೋಲ್ಟ್ರೇನ್ ಇದೇ ರಾಗವನ್ನು ಸೀಡರ್ ವಾಲ್ಟನ್ ಎಂಬ ಇನ್ನೊಬ್ಬ ಪಿಯಾನಿಸ್ಟ್ ಜೊತೆ ಪ್ರಯತ್ನಿಸಿದ್ದರು. ವಾಲ್ಟನ್ ಕೂಡ ಘಟಾನುಘಟಿಯೇ. ಅವರು ಅದರಲ್ಲಿ ತಮ್ಮ ಸರದಿಯನ್ನೇ ತೆಗೆದುಕೊಳ್ಳಲಿಲ್ಲ. ಫ್ಲಾನಗನ್ ತೆಗೆದುಕೊಂಡರು, ತಡವರಿಸಿದರು. ಕೋಲ್ಟ್ರೇನ್ ನುಡಿಸುವಾಗ ಹಿಂದೆ ಪಿಯಾನೊ ದಾರಿ ತಪ್ಪದೆ ನಡೆಯುತ್ತದೆ. ಆ ಕೈಯೂ ಇವರದೇ. ಅದನ್ನು ಕೇಳಿಸಿಕೊಳ್ಳುವವರು ಕಡಿಮೆ.

ಫ್ಲಾನಗನ್ ಬದುಕಿನ ದೊಡ್ಡ ಪಾಲು ಕಳೆದದ್ದು ಎಲ್ಲಾ ಫಿಟ್ಸ್‌ಜೆರಾಲ್ಡ್ ಎಂಬ ಮಹಾಗಾಯಕಿಯ ಪಕ್ಕದಲ್ಲಿ. 1963ರಿಂದ 1965ರವರೆಗೆ ಒಮ್ಮೆ, 1968ರಿಂದ 1978ರವರೆಗೆ ಇನ್ನೊಮ್ಮೆ. ನಡುವೆ ಸ್ವಲ್ಪ ಕಾಲ ಗಾಯಕ ಟೋನಿ ಬೆನೆಟ್ ಜೊತೆ. ಫಿಟ್ಸ್‌ಜೆರಾಲ್ಡ್ ಅವರ ತಿರುಗಾಟ ಅಂದರೆ ವರ್ಷದ ಬಹುಪಾಲು ಊರೂರು, ದೇಶದೇಶ.

ಅಲ್ಲಿ ಪಿಯಾನೊದವರ ಕೆಲಸ ಏನು? ಫಿಟ್ಸ್‌ಜೆರಾಲ್ಡ್ ಹಾಡಿನ ಮಾತು ಬಿಟ್ಟು ಬರೀ ಅರ್ಥವಿಲ್ಲದ ಅಕ್ಷರಗಳಲ್ಲೇ ನಿಮಿಷಗಟ್ಟಲೆ ಹಾಡುತ್ತಿದ್ದರು. ಮುಂದಿನ ತಿರುವು ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಪಕ್ಕದವರು ಅವರ ಉಸಿರು ನೋಡಿಕೊಂಡು ನುಡಿಸಬೇಕು. ಹಾಡು ಶುರುವಾಗುವ ಮೊದಲು ಶ್ರುತಿ ಕಿವಿಗೆ ಕೂರಿಸಬೇಕು. ಹಾಡುತ್ತಿರುವಾಗ ಅದೇ ರಾಗವನ್ನು ಮೇಲೆ ಮೇಲೆ ನುಡಿಸಿದರೆ ದನಿ ಮುಚ್ಚಿಹೋಗುತ್ತದೆ. ಏನೂ ನುಡಿಸದಿದ್ದರೆ ದನಿ ಅನಾಥವಾಗುತ್ತದೆ. ಎರಡರ ನಡುವಿನ ಜಾಗ ಹುಡುಕಬೇಕು, ಅದೂ ಪ್ರತಿ ರಾತ್ರಿ.

ನಮ್ಮ ಅಭಿಪ್ರಾಯದಲ್ಲಿ ಇದು ಮುಂದೆ ನಿಂತು ಮಿಂಚುವುದಕ್ಕಿಂತ ಕಡಿಮೆ ವಿದ್ಯೆ ಅಲ್ಲ. ಬೇರೆಯದೇ ವಿದ್ಯೆ. ಮುಂದಿನವರು ಧೈರ್ಯ ಮಾಡಿ ಹಾರುತ್ತಾರೆ ಅಂದರೆ ಕೆಳಗೆ ನೆಲ ಗಟ್ಟಿ ಇದೆ ಅನ್ನುವ ನಂಬಿಕೆ ಇರುತ್ತದೆ. ಆ ನೆಲ ಹಾಕಿದವರು ಪಕ್ಕವಾದ್ಯದವರು.

ಹಾಗಂತ ಇದನ್ನು ತ್ಯಾಗ, ನಿಸ್ವಾರ್ಥ ಸೇವೆ ಅಂತ ಹೊಗಳಿ ಸುಮ್ಮನಾಗುವುದೂ ನಮಗೆ ಒಪ್ಪಿಗೆ ಇಲ್ಲ. ಪಕ್ಕದಲ್ಲಿ ಕೂತವರು ಬೆಲೆ ತೆತ್ತಿರುತ್ತಾರೆ. 1960ರಿಂದ 1975ರವರೆಗೆ, ಹದಿನೈದು ವರ್ಷ, ಫ್ಲಾನಗನ್ ತಮ್ಮ ಹೆಸರಿನಲ್ಲಿ ಒಂದು ಆಲ್ಬಮ್ಮನ್ನೂ ರೆಕಾರ್ಡ್ ಮಾಡಲಿಲ್ಲ. 30ರಿಂದ 45ರವರೆಗಿನ ವಯಸ್ಸು, ಮನುಷ್ಯ ದುಡಿಮೆಯ ಉತ್ತುಂಗದಲ್ಲಿರುವ ಕಾಲ. 1978ರಲ್ಲಿ ಹೃದಯಾಘಾತವಾಯಿತು. ಆ ತಿರುಗಾಟ ಅಲ್ಲಿಗೆ ನಿಂತಿತು.

ಆಗ ಅವರಿಗೆ 48. ಬಹಳ ಜನ 'ಇನ್ನು ಮುಗಿಯಿತು' ಅನ್ನುವ ಹೊತ್ತು. ಅವರು ಅಲ್ಲಿಂದ ಶುರು ಮಾಡಿದರು. ಪಿಯಾನೊ, ದೊಡ್ಡ ಬಾಸ್ ತಂತಿವಾದ್ಯ, ಡ್ರಮ್ಸ್, ಹೀಗೆ ಮೂವರ ತಂಡ ಕಟ್ಟಿಕೊಂಡರು. ಹಿಂದೆ ಕೂತು ಕಲಿತ ಕಿವಿ ಈಗ ಮುಂದೆ ಕೂತಿತು. ಅಬ್ಬರ ಇಲ್ಲ, ಒಂದು ಸ್ವರವೂ ದಂಡ ಇಲ್ಲ. ಎಂಬತ್ತರ ದಶಕದ ಹೊತ್ತಿಗೆ ಜಾಝ್‌ನ ಶ್ರೇಷ್ಠ ಪಿಯಾನಿಸ್ಟ್‌ಗಳ ಸಾಲಿನಲ್ಲಿ ಅವರ ಹೆಸರು ಬರತೊಡಗಿತು. 1993ರಲ್ಲಿ ಡೆನ್ಮಾರ್ಕ್‌ನ ಜಾಝ್‌ಪಾರ್ ಪ್ರಶಸ್ತಿ ಬಂತು. 1996ರಲ್ಲಿ ಅಮೆರಿಕ ಸರ್ಕಾರದ ಕಲಾ ಸಂಸ್ಥೆ 'ಜಾಝ್ ಮಾಸ್ಟರ್' ಎಂದು ಗೌರವಿಸಿತು.

ನಗುವವರಿಗೆ ಉತ್ತರವೂ ಈ ಕಾಲದಲ್ಲೇ ಬಂತು. 1982ರಲ್ಲಿ ಫ್ಲಾನಗನ್ ಕೋಲ್ಟ್ರೇನ್ ನೆನಪಿಗೆ ಒಂದು ಆಲ್ಬಮ್ ಮಾಡಿದರು. ಕೋಲ್ಟ್ರೇನ್ ತೀರಿಕೊಂಡು ಆಗಲೇ 15 ವರ್ಷ. ಆಲ್ಬಮ್ಮಿನ ಹೆಸರು 'ಜೈಂಟ್ ಸ್ಟೆಪ್ಸ್'. ಮುಗ್ಗರಿಸಿದ ರಾಗವನ್ನೇ ಎತ್ತಿಕೊಂಡು, 23 ವರ್ಷದ ನಂತರ, ಸರಾಗವಾಗಿ ನುಡಿಸಿದರು. ಯಾರ ಮೇಲೂ ಸಿಟ್ಟಿಲ್ಲ, ಸ್ನೇಹಿತನ ಹೆಸರಿಗೆ ಗೌರವ ಸಲ್ಲಿಸಿದ ಹಾಗೆ. ತಮಾಷೆ ಮಾಡುವವರಲ್ಲಿ ಎಷ್ಟು ಜನ ಇದನ್ನು ಹುಡುಕಿ ಕೇಳಿದ್ದಾರೆ ಅಂತ ನಮಗೆ ಅನುಮಾನ.

1997ರ ಮಾರ್ಚ್ 16ರಂದು ಅವರಿಗೆ 67 ತುಂಬಿತು. ಆ ರಾತ್ರಿ ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ನುಡಿಸಿದ್ದು ರೆಕಾರ್ಡ್ ಆಗಿ ಹೊರಬಂತು. 26ನೇ ಹುಟ್ಟುಹಬ್ಬಕ್ಕೆ ಇನ್ನೊಬ್ಬರ ಹೆಸರಿನ ಕೆಳಗೆ ನುಡಿಸಿದ್ದವರು, 67ನೆಯದಕ್ಕೆ ತಮ್ಮ ಹೆಸರಿನಲ್ಲೇ ನುಡಿಸಿದರು. 2001ರ ನವೆಂಬರ್ 16ರಂದು ತೀರಿಕೊಂಡರು. 71 ವರ್ಷ.

ಈಗಿನ ಕಾಲ ಕ್ಲಿಪ್‌ಗಳ ಕಾಲ. ಯಾರದೋ ಬದುಕಿನ ಒಂದು ನಿಮಿಷ ಕತ್ತರಿಸಿ ಎಲ್ಲರ ಮೊಬೈಲಿಗೂ ಕಳಿಸಬಹುದು, ಅದರ ಮೇಲೆ ತೀರ್ಪನ್ನೂ ಕೊಡಬಹುದು. ಅವರ ಹಿಂದಿನ ಹತ್ತು ವರ್ಷ, ಮುಂದಿನ ಇಪ್ಪತ್ತು ವರ್ಷ ಆ ಕ್ಲಿಪ್ಪಿನಲ್ಲಿ ಇರುವುದಿಲ್ಲ. ಅದರಲ್ಲೂ ಪಕ್ಕದಲ್ಲಿ ಕೂತು ದುಡಿದವರಿಗೆ ಇದು ಇನ್ನೂ ದೊಡ್ಡ ಅನ್ಯಾಯ. ಚೆನ್ನಾಗಿ ಮಾಡಿದಾಗ ಅವರು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ, ತಪ್ಪಿದಾಗ ಮಾತ್ರ ಎಲ್ಲರಿಗೂ ಕಾಣುತ್ತಾರೆ.

ಆದ್ದರಿಂದ ನಮ್ಮದೊಂದು ಮನವಿ. ಡೇಟಾ ಉಳಿದಿದ್ದರೆ ಎಲ್ಲಾ ಫಿಟ್ಸ್‌ಜೆರಾಲ್ಡ್, ಮಾಂಟ್ರೂ, 1975 ಅಂತ ಹುಡುಕಿ ಯಾವುದಾದರೂ ಒಂದು ಹಾಡು ಎರಡು ಸಲ ಕೇಳಿ. ಇಯರ್‌ಫೋನ್ ಇದ್ದರೆ ಒಳ್ಳೆಯದು. ಮೊದಲ ಸಲ ಅವರ ದನಿ ಕೇಳಿ, ಅದು ತಾನಾಗೇ ಸೆಳೆಯುತ್ತದೆ. ಎರಡನೇ ಸಲ ದನಿಯನ್ನು ಬಿಟ್ಟು ಹಿಂದಿನ ಪಿಯಾನೊ ಒಂದನ್ನೇ ಹಿಂಬಾಲಿಸಿ. ಅವರು ಯಾವಾಗ ನುಡಿಸುತ್ತಾರೆ, ಯಾವಾಗ ಕೈ ಎತ್ತುತ್ತಾರೆ ಅಂತ ಗಮನಿಸಿ. ಟಾಮಿ ಫ್ಲಾನಗನ್ ಅವರನ್ನು ಅಳೆಯುವುದಾದರೆ ಅಲ್ಲಿಂದ ಅಳೆಯಿರಿ.