ಕಟ್ಟುನಿಟ್ಟಿನ ಪರೀಕ್ಷೆ ಯಾರಿಗೆ?

ಮಾನ್ಯ ಸಂಪಾದಕರೇ,

ನಮ್ಮೂರ ಪರೀಕ್ಷಾ ಕೇಂದ್ರದ ಕಟ್ಟುನಿಟ್ಟನ್ನು ತಾವು ಮಂಗಳವಾರದ ಸಂಚಿಕೆಯಲ್ಲಿ ಮನಸಾರೆ ಕೊಂಡಾಡಿದ್ದೀರಿ. ಆ ಕಟ್ಟುನಿಟ್ಟಿಗೆ ಮೊದಲು ಬಲಿಯಾದವನು, ಹುಟ್ಟಿನಿಂದಲೇ ಥಲಸ್ಸೀಮಿಯಾಪೀಡಿತನಾದ ನನ್ನ ಮೊಮ್ಮಗನೆಂಬುದನ್ನು ತಮ್ಮ ವರದಿಗಾರರು ಅರಿಯರೇನೋ. ಹೊಟ್ಟೆ ಹಿಂಡಿದಂತಾಗಿ, ಎದ್ದುನಿಂತು ಶೌಚಕ್ಕೆ ಅಪ್ಪಣೆ ಬೇಡಿದ ಬಾಲಕನಿಗೆ, “ಅದನ್ನೆಲ್ಲ ಮನೇಲೇ ಮುಗಿಸ್ಕೊಂಡು ಬರ್ಬೇಕಪ್ಪಾ” ಎಂದರಂತೆ ಮೇಲ್ವಿಚಾರಕ ಮಹಾಶಯರು, ಕೊಠಡಿಯೆಲ್ಲ ನಕ್ಕಿತಂತೆ.

ಮನೆಯಲ್ಲೇ ಮುಗಿಸುವ ಉಪಾಯವನ್ನು ಆ ಮಹನೀಯರೇ ಬೋಧಿಸಲಿ! ಕೆಲವು ವಾರಗಳಿಗೊಮ್ಮೆ ರಕ್ತ ಏರಿಸಿಕೊಂಡೇ ಬದುಕಬೇಕಾದ ಈ ಮಕ್ಕಳ ಒಡಲಿಗೆ ಪ್ರತಿ ಚೀಲದೊಡನೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಸೇರುತ್ತದೆ. ಅದನ್ನು ಹೊರದೂಡುವ ಮಾರ್ಗ ದೇಹಕ್ಕಿಲ್ಲವಾದುದರಿಂದ, ಯಕೃತ್ತು ಹೃದಯಗಳಲ್ಲಿ ಅದು ಸಂಚಯವಾಗಿ ಪ್ರಾಣಕ್ಕೇ ಎರವಾಗದಂತೆ, ಡೆಫೆರಾಸಿರಾಕ್ಸ್ ಮಾತ್ರೆಯನ್ನು ನಿತ್ಯವೂ ಸೇವಿಸತಕ್ಕದ್ದು. ಬರಿಹೊಟ್ಟೆಯಲ್ಲಿ, ತಿಂಡಿಗೆ ಅರ್ಧ ಗಂಟೆ ಮುನ್ನ, ನೀರಿನಲ್ಲಿ ಕದಡಿ ಕುಡಿದು, ಲೋಟದ ತಳದಲ್ಲುಳಿದ ಸುಣ್ಣದಂಥ ಗಸಿಗೂ ಮತ್ತೆ ನೀರು ಹೊಯ್ದು ಕುಡಿಯಬೇಕು. ತರುವಾಯ ಓಕರಿಕೆ, ಹೊಟ್ಟೆನುಲಿತ, ಭೇದಿ. ಅವು ಶಾಲೆಯ ಗಂಟೆ ಕೇಳಿಕೊಂಡು ಬರುವುದಿಲ್ಲ ಸ್ವಾಮಿ! 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ ಅನುಸೂಚಿಯಲ್ಲಿ ಈ ವ್ಯಾಧಿಯ ಹೆಸರಿದೆ. ವೈದ್ಯರ ಪತ್ರ ಹುಡುಗನ ಜೇಬಿನಲ್ಲಿಯೇ ಇದ್ದಿತು. ಓದುವ ವ್ಯವಧಾನ ಯಾರಿಗಿದ್ದಿತು?

ಸಾಲದುದಕ್ಕೆ, ಇದೇ ಔಷಧಿಯು ಲ್ಯಾಕ್ಟೋಸ್ ಇಲ್ಲದ, ಲಘು ಉಪಾಹಾರದೊಡನೆ ನುಂಗಬಹುದಾದ ಲೇಪಿತ ಮಾತ್ರೆಯ ರೂಪದಲ್ಲಿ ಅಮೆರಿಕದಲ್ಲಿ 2015ರಿಂದಲೇ ಉಂಟು. ನಮ್ಮ ದೇಶದ ಪೇಟೆಗೂ ಬಂದಿದೆ. ಹಲವರ ಹೊಟ್ಟೆಗೆ ಅದು ಹಿತವೆಂದು ವೈದ್ಯರೇ ನುಡಿಯುತ್ತಾರೆ. ಆದರೆ ನಾವು ಉಚಿತ ಔಷಧಿಗಾಗಿ ಸಾಲು ನಿಲ್ಲುವ ಆಸ್ಪತ್ರೆಯ ಕಿಟಕಿಯಲ್ಲಿ ದೊರೆಯುವುದು ಕದಡುವ ಮಾತ್ರೆಯೊಂದೇ, ಜೊತೆಗೆ “ಬಂದಿರೋದು ಇದೇ, ಬೇಕಾದ್ರೆ ತಗೊಳ್ಳಿ” ಎಂಬ ಪ್ರಸಾದವಾಕ್ಯ. ಟೆಂಡರು ಬರೆಯುವವರ ಹೊಟ್ಟೆ ಕೆಡುವುದಿಲ್ಲವಷ್ಟೆ.

ಈಗ ಹುಡುಗ, ಪರೀಕ್ಷೆ ಮುಗಿಯುವತನಕ ಮಾತ್ರೆಯೇ ಬೇಡವೆಂದು ಹಟ ಹಿಡಿದಿದ್ದಾನೆ. ಶನಿವಾರ ಗಣಿತ. ಅಷ್ಟರೊಳಗಾಗಿ ಶಿಕ್ಷಣಾಧಿಕಾರಿಗಳು ಆ ಕೇಂದ್ರಕ್ಕೆ ಒಂದು ಸಾಲಿನ ಲಿಖಿತ ಆಜ್ಞೆಯನ್ನು ಕಳುಹಿಸಿ, ಕೇಳಿದಾಗ ಬಾಗಿಲು ತೆರೆಸುವರೋ, ಇಲ್ಲವೇ ಅವನು ಬಿಟ್ಟ ಔಷಧಿಯ ಹೊಣೆಯನ್ನು ತಾವೇ ಹೊರುವರೋ, ತಮ್ಮ ಪತ್ರಿಕೆಯ ಮೂಲಕವೇ ತಿಳಿಸಲಿ.

ಇತಿ ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ಶಿರಸ್ತೇದಾರ