ಕೊಲ್ಲೂರು: ಹುಂಡಿಗೆ ಬಿದ್ದ ದುಡ್ಡು ಯಾರದ್ದು, ಖರ್ಚು ಯಾವುದಕ್ಕೆ?

ಕೊಲ್ಲೂರು: "ಹುಂಡಿ ದುಡ್ಡ್ ಎಲ್ಲಿಗ್ ಹೋತ್ತ್ ಮಾರಾಯ್ರೆ?" ಶ್ರೀ ಮೂಕಾಂಬಿಕಾ ದೇವಳದ ಸುದ್ದಿ ಬಂದಾಗಲೆಲ್ಲ ಊರಿನಲ್ಲಿ ಏಳುವ ಪ್ರಶ್ನೆ ಇದು. ಉತ್ತರ ಸಿಗಬೇಕಾದರೆ ಆ ದುಡ್ಡು ಯಾರದ್ದು ಅಂತ ಮೊದಲು ತಿಳಿಯಬೇಕು.

ಕಾನೂನಿನ ಪ್ರಕಾರ ದೇವಳದ ಆಸ್ತಿಗೆ ದೇವರೇ ಒಡೆಯರು. ವ್ಯವಸ್ಥಾಪನಾ ಸಮಿತಿ, ಕಾರ್ಯನಿರ್ವಹಣಾಧಿಕಾರಿ, ಮುಜರಾಯಿ ಇಲಾಖೆ ಎಲ್ಲರೂ ಅದನ್ನು ಕಾಯುವವರು ಮಾತ್ರ. ಹೀಗೆ ಒಬ್ಬರ ಸೊತ್ತನ್ನು ಇನ್ನೊಬ್ಬರು ಗೊತ್ತಾದ ಉದ್ದೇಶಕ್ಕಾಗಿ ನೋಡಿಕೊಳ್ಳುವುದೇ ಟ್ರಸ್ಟ್‌ನ ತಿರುಳು. ಶಾಶ್ವತ ಪೂಜೆಗೆ ಹಣ ಇಟ್ಟವರಿಗೆ ಇದು ಹೊಸತಲ್ಲ: ಅಸಲು ಹಾಗೇ ಉಳಿಯಬೇಕು, ಬಡ್ಡಿಯಲ್ಲಿ ಪೂಜೆ ನಡೆಯಬೇಕು.

ಖಾಸಗಿ ಟ್ರಸ್ಟ್‌ಗಳಿಗೆ 1882ರ ಕಾಯಿದೆ ಇದೆ. ಕೊಲ್ಲೂರಿನಂಥ ಮುಜರಾಯಿ ದೇಗುಲಗಳು ಬರುವುದು 1997ರ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಕಾಯಿದೆಯಡಿ.

ತಕರಾರು ಏಳುವುದು ಉದ್ದೇಶದ ವಿಚಾರದಲ್ಲಿ. 2007ರ ಹೊತ್ತಿಗೆ ಬಂಟ್ವಾಳ ತಾಲೂಕಿನ ಕಲ್ಲಡ್ಕ ಮತ್ತು ಪುಣಚದ ಎರಡು ಅನುದಾನಿತ ಶಾಲೆಗಳನ್ನು ಕೊಲ್ಲೂರು ದೇವಳಕ್ಕೆ ದತ್ತು ಕೊಡಲಾಯಿತು. ಅಲ್ಲಿಂದ ದೇವಳದ ಹಣ ಆ ಶಾಲೆಗಳಿಗೆ ಹೋಗುತ್ತಿತ್ತು. 2017ರಲ್ಲಿ ಸರಕಾರ ಆ ಆದೇಶ ರದ್ದು ಮಾಡಿತು. ದೇವಿಗೆ ಕೊಟ್ಟದ್ದು ಖಾಸಗಿ ಆಡಳಿತದ ಶಾಲೆಗೆ ಏಕೆ ಅಂತ ಒಂದು ಬಣ ಕೇಳಿತು. ಮಕ್ಕಳ ಊಟದ ತಟ್ಟೆಗೆ ರಾಜಕೀಯ ಕೈ ಹಾಕಿತು ಅಂತ ಇನ್ನೊಂದು ಬಣ ಬೀದಿಗಿಳಿಯಿತು.

ಎರಡೂ ಕಡೆ ಹುರುಳಿದೆ. ಆದರೆ ಕೊಡುವ ತೀರ್ಮಾನವೂ ನಿಲ್ಲಿಸುವ ತೀರ್ಮಾನವೂ ಬಂದದ್ದು ಬೆಂಗಳೂರಿನಿಂದ. ಕಾಣಿಕೆ ಹಾಕಿದವರನ್ನು ಎರಡು ಸಲವೂ ಯಾರೂ ಕೇಳಲಿಲ್ಲ.

2024ರ ಫೆಬ್ರವರಿಯಲ್ಲಿ ಇದೇ ಪ್ರಶ್ನೆ ರಾಜ್ಯ ಮಟ್ಟಕ್ಕೆ ಹೋಯಿತು. ವರ್ಷಕ್ಕೆ 1 ಕೋಟಿಗಿಂತ ಹೆಚ್ಚು ಆದಾಯದ ದೇಗುಲಗಳಿಂದ ಶೇ. 10, 10 ಲಕ್ಷದಿಂದ 1 ಕೋಟಿವರೆಗಿನವುಗಳಿಂದ ಶೇ. 5 ಸಾಮಾನ್ಯ ಸಂಗ್ರಹ ನಿಧಿಗೆ ಪಡೆಯುವ ತಿದ್ದುಪಡಿಯನ್ನು ವಿಧಾನಸಭೆ ಒಪ್ಪಿತು, ಪರಿಷತ್ತು ತಿರಸ್ಕರಿಸಿತು, ಸಭೆ ಮತ್ತೆ ಒಪ್ಪಿತು. ಆದಾಯವಿಲ್ಲದ ಸಣ್ಣ ದೇವಸ್ಥಾನಗಳಿಗೂ ಅರ್ಚಕರಿಗೂ ನೆರವಾಗುತ್ತದೆ ಎಂಬುದು ಸರಕಾರದ ಸಮರ್ಥನೆ. ದೀಪದೆಣ್ಣೆಗೂ ಪರದಾಡುವ ಗುಡಿಗಳು ನಮ್ಮ ಸುತ್ತಲೂ ಇರುವಾಗ ಅದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ.

ಹಾಗಾದರೆ ಬೇಕಾದ್ದೇನು? ಎಷ್ಟು ಬಂತು, ಎಲ್ಲಿಗೆ ಹೋಯಿತು, ಯಾವ ಉದ್ದೇಶಕ್ಕೆ ಎಂಬ ಮೂರು ಸಾಲಿನ ಲೆಕ್ಕ ಪ್ರತಿ ವರ್ಷ ದೇವಳದ ಬೋರ್ಡಿನಲ್ಲೇ ಕಾಣಬೇಕು. ಹುಂಡಿ ಎಣಿಕೆಯ ಮೊತ್ತ ಪತ್ರಿಕೆಯಲ್ಲಿ ಬರುತ್ತದೆ. ಖರ್ಚಿನ ಲೆಕ್ಕವೂ ಅಷ್ಟೇ ಸಲೀಸಾಗಿ ಜನರ ಕೈಗೆ ಸಿಗಲಿ.