ಬಾಡಿಗೆಗೆ ಮನೆ ಇದೆ, ಕಾನೂನು ಎಲ್ಲಿದೆ?

"ಸಾರ್, ಯಾರಿಗೆ ಕೊಡೋದು? ಫ್ಯಾಮಿಲೀನಾ, ಬ್ಯಾಚುಲರ್ಸಾ? ವೆಜ್ಜಾ, ನಾನ್‌ವೆಜ್ಜಾ? ನಿಮ್ಮೋರೇ ಆಗ್ಬೇಕು ಅಂದ್ರೂ ಹೇಳಿ, ಹುಡುಕ್ಕೊಡ್ತೀನಿ."

ಮನೆಯಲ್ಲಿ ಎಷ್ಟು ರೂಮಿದೆ, ನೀರು ಹೇಗೆ ಅಂತ ಕೇಳೋಕೂ ಮುಂಚೆ ಬ್ರೋಕರ್ ಕೇಳಿದ್ದು ಇದನ್ನ. ದನಿಯಲ್ಲಿ ದ್ವೇಷ ಏನೂ ಇರಲಿಲ್ಲ. ಹೋಟೆಲಿನಲ್ಲಿ ಕಾಫಿನಾ, ಟೀನಾ ಅಂತ ಕೇಳ್ತಾರಲ್ಲ, ಹಾಗೆ.

ಹತ್ತು ವರ್ಷ ನಾನು ಈ ಪ್ರಶ್ನೆಯ ಆ ಕಡೆ ನಿಂತಿದ್ದವನು. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದಾಗಿನಿಂದ ಐದು ಮನೆ ಬದಲಿಸಿದ್ದೇನೆ, ಐದು ಸಲ ಅಡ್ವಾನ್ಸಿಗೆ ಪರದಾಡಿದ್ದೇನೆ. ಈಗ ಅಪ್ಪ ರಿಟೈರ್ ಆಗಿ, ಹಾಸನ ಬಿಟ್ಟು ಕೆಂಗೇರಿ ಕಡೆ ಮನೆ ಕಟ್ಟಿದ್ದಾರೆ. ಕೆಳಗೆ ಅವರಿಬ್ಬರು, ಮೇಲಿನದು ಬಾಡಿಗೆಗೆ. ಪಿಎಫ್ ದುಡ್ಡೆಲ್ಲ ಆ ಮಹಡಿಗೆ ಹೋಗಿದೆ. ಅದರ ಬಾಡಿಗೆಯೇ ಇನ್ನು ಮುಂದೆ ಅವರ ಪಿಂಚಣಿ. "ನೀನೇ ನೋಡ್ಕೋ, ನಿನಗೆ ಇದೆಲ್ಲ ಗೊತ್ತು" ಅಂದರು ಅಪ್ಪ. ಹೀಗೆ ನಾನು ಓನರ್ ಆದೆ.

ಟು-ಲೆಟ್ ಬೋರ್ಡಿನ ಈ ಕಡೆ ಬಂದು ನಿಂತ ಮೇಲೆ ಒಂದು ವಿಷಯ ಸ್ಪಷ್ಟವಾಯಿತು. ಓನರ್ ಆದವನ ಕೈಗೆ ಎಷ್ಟೊಂದು ಅಧಿಕಾರ ಬಂದುಬಿಡುತ್ತದೆ ಅಂದರೆ, ಅದನ್ನ ಹೇಗೆ ಬಳಸಬೇಕು ಅಂತ ಹೇಳುವ ಕಾನೂನು ಹೆಚ್ಚುಕಮ್ಮಿ ಇಲ್ಲವೇ ಇಲ್ಲ.

ವಾಟ್ಸಾಪ್ ಕಾನೂನು, ನಿಜವಾದ ಕಾನೂನು

2025ರ ಕೊನೆಯಲ್ಲಿ ಒಂದು ಮೆಸೇಜು ಎಲ್ಲ ಗ್ರೂಪುಗಳಲ್ಲೂ ಹರಿದಾಡಿತು: "ಹೊಸ ಬಾಡಿಗೆ ನಿಯಮ ಬಂದಿದೆ, ಇನ್ನು ಎರಡೇ ತಿಂಗಳ ಅಡ್ವಾನ್ಸ್." ಬಾಡಿಗೆದಾರ ಗೆಳೆಯರು ಖುಷಿಪಟ್ಟರು, ಅಪ್ಪನಿಗೆ ಗಾಬರಿ. ಮೂಲ ಹುಡುಕಿದರೆ ಅದು 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ. ಹೆಸರೇ ಹೇಳುವಂತೆ ಅದು ಬರೀ ಮಾದರಿ. ಭೂಮಿ ರಾಜ್ಯಪಟ್ಟಿಯ ವಿಷಯವಾದ್ದರಿಂದ ಆಯಾ ರಾಜ್ಯ ತನ್ನ ಕಾನೂನು ಮಾಡಿಕೊಂಡರಷ್ಟೇ ಅದಕ್ಕೆ ಜೀವ. ಕರ್ನಾಟಕ ಆ ಮಾದರಿಯನ್ನು ಅಳವಡಿಸಿಕೊಂಡಿಲ್ಲ.

ನಮ್ಮಲ್ಲಿರುವುದು ಕರ್ನಾಟಕ ಬಾಡಿಗೆ ಕಾಯ್ದೆ, 1999. ಅದರಲ್ಲೊಂದು ಮಿತಿ ಇದೆ: ಬೆಂಗಳೂರಿನಂಥ ನಗರದಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಇವತ್ತು 3,500ಕ್ಕೆ ಪಿಜಿಯಲ್ಲಿ ಮಂಚ ಸಿಕ್ಕರೂ ಪುಣ್ಯ. ಅಂದರೆ ನಗರದ ಬಹುತೇಕ ಬಾಡಿಗೆದಾರರು ಈ ಕಾಯ್ದೆಯ ಹೊರಗಿದ್ದಾರೆ. ಅವರಿಗೆ ಉಳಿದಿರುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ಅವರೇ ಸಹಿ ಹಾಕಿದ ಅಗ್ರಿಮೆಂಟ್. ಅಗ್ರಿಮೆಂಟಿನಲ್ಲಿ ಬೇರೇನೂ ಬರೆಯದಿದ್ದರೆ, ತಿಂಗಳ ಬಾಡಿಗೆಯ ಮನೆ ಖಾಲಿ ಮಾಡಿಸಲು ಆ ಬ್ರಿಟಿಷರ ಕಾಲದ ಕಾಯ್ದೆಯ ಪ್ರಕಾರ 15 ದಿನದ ನೋಟಿಸು ಸಾಕು.

ಹನ್ನೊಂದು ತಿಂಗಳ ಅಗ್ರಿಮೆಂಟಿನ ಗುಟ್ಟೂ ಇಂಥದ್ದೇ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು. ಹನ್ನೊಂದು ತಿಂಗಳಾದರೆ ಸಬ್‌ರಿಜಿಸ್ಟ್ರಾರ್ ಆಫೀಸಿನ ಕಡೆ ತಲೆ ಹಾಕಬೇಕಿಲ್ಲ. ಒಂದು ತಿಂಗಳು ಕಡಿಮೆ ಬರೆದು ಇಡೀ ನಗರವೇ ದಾಖಲೆಯಿಂದ ಜಾರಿಕೊಂಡಿದೆ.

ಹತ್ತು ತಿಂಗಳ ಲೆಕ್ಕ

ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಯಾವ ಕಾನೂನಿನಲ್ಲೂ ಇಲ್ಲ, ಬರೀ ರೂಢಿ. ಎಷ್ಟೋ ಏರಿಯಾಗಳಲ್ಲಿ ಈಗ ಐದಾರಕ್ಕೆ ಇಳಿದಿದೆ, ಆದರೂ ಚೌಕಾಸಿ ಶುರುವಾಗುವುದು ಹತ್ತರಿಂದಲೇ. ನಮ್ಮ ಮನೆಗೆ ಬ್ರೋಕರ್ ಹೇಳಿದ ಬಾಡಿಗೆ 18,000. ಹತ್ತು ತಿಂಗಳಿಗೆ 1.8 ಲಕ್ಷ. ಅದನ್ನು ಶೇ. 7ರ ಬಡ್ಡಿಗೆ ಬ್ಯಾಂಕಿನಲ್ಲಿಟ್ಟರೆ ವರ್ಷಕ್ಕೆ 12,600 ಓನರಿಗೆ. ಅಂದರೆ ತಿಂಗಳಿಗೆ 1,050 ರೂಪಾಯಿ ಕಾಣದ ಬಾಡಿಗೆ. ಅದೇ ದುಡ್ಡನ್ನು ಬಾಡಿಗೆದಾರ ಶೇ. 14ಕ್ಕೆ ಸಾಲ ತಂದಿದ್ದರೆ ಅವನಿಗೆ ಬೀಳುವ ಹೊರೆ ತಿಂಗಳಿಗೆ 2,100. ಕೊನೆಗೆ ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಕಟ್. ಮಾದರಿ ಕಾಯ್ದೆ ಸುಣ್ಣಬಣ್ಣದ ಜವಾಬ್ದಾರಿಯನ್ನು ಓನರ್ ಮೇಲೆ ಹಾಕಿದೆ ಅನ್ನುವುದು ಇಲ್ಲಿ ನೆನಪಿಡಬೇಕಾದ ಮಾತು.

ಹಾಗಂತ ಎಲ್ಲ ಓನರುಗಳೂ ದುರಾಸೆಯವರು ಅಂದುಬಿಟ್ಟರೆ ವಿಶ್ಲೇಷಣೆ ಮುಗಿದಂತಲ್ಲ. "ಬಾಡಿಗೇನೂ ಕೊಡದೆ, ಖಾಲೀನೂ ಮಾಡದೆ ಕೂತ್ರೆ ಏನ್ಮಾಡ್ತೀಯ?" ಅಂತ ಅಪ್ಪ ಕೇಳಿದಾಗ ನನ್ನ ಹತ್ತಿರ ಒಳ್ಳೆ ಉತ್ತರ ಇರಲಿಲ್ಲ. ಸಿವಿಲ್ ಕೋರ್ಟಿಗೆ ಹೋಗಬೇಕು, ಅಲ್ಲಿ ವರ್ಷಗಳು ಹೋಗುತ್ತವೆ. ಅಷ್ಟು ದಿನ ಅವರ ಮಾತ್ರೆ, ಔಷಧಿಯ ಖರ್ಚು ಯಾರು ಕೊಡುತ್ತಾರೆ? ಕೋರ್ಟ್ ಕೊಡಲಾರದ ಭದ್ರತೆಯನ್ನ ಅವರು ಅಡ್ವಾನ್ಸಿನಲ್ಲಿ ಹುಡುಕುತ್ತಾರೆ. ನ್ಯಾಯದಾನ ತಡವಾಗುವುದಕ್ಕೆ ಬಾಡಿಗೆದಾರ ಕಟ್ಟುವ ದಂಡ ಅದು.

ಆದ್ದರಿಂದಲೇ ಹೊಸ ಕಾನೂನು ಓನರ್ ವಿರೋಧಿ ಅನ್ನುವ ಭಯಕ್ಕೆ ಅರ್ಥವಿಲ್ಲ. ಮಾದರಿ ಕಾಯ್ದೆ ವಾಸದ ಮನೆಗೆ ಅಡ್ವಾನ್ಸನ್ನು ಎರಡು ತಿಂಗಳಿಗೆ ಸೀಮಿತಗೊಳಿಸುತ್ತದೆ, ನಿಜ. ಜೊತೆಗೇ ಪ್ರತ್ಯೇಕ ಬಾಡಿಗೆ ನ್ಯಾಯಾಲಯ, 60 ದಿನದಲ್ಲಿ ಕೇಸು ಮುಗಿಸುವ ಗುರಿ, ಅವಧಿ ಮುಗಿದರೂ ಬಿಡದಿದ್ದರೆ ಮೊದಲ ಎರಡು ತಿಂಗಳು ದುಪ್ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ಅಂತಲೂ ಹೇಳುತ್ತದೆ. ಅಪ್ಪನಿಗೆ ಬೇಕಿದ್ದದ್ದೂ ಇದೇ.

ಆ ಫೋನು

ಬೋರ್ಡ್ ಹಾಕಿದ ಎರಡನೇ ದಿನ ಒಬ್ಬರು ಫೋನ್ ಮಾಡಿದರು. ಬಾಡಿಗೆ, ನೀರು, ಪಾರ್ಕಿಂಗ್ ಯಾವುದನ್ನೂ ಕೇಳಲಿಲ್ಲ. "ಸರ್, ಮೊದ್ಲೇ ಹೇಳ್ಬಿಡ್ತೀನಿ, ನಾವು ಮುಸ್ಲಿಮ್ಸ್. ಪರವಾಗಿಲ್ವಾ? ಇಲ್ಲಾಂದ್ರೆ ಸುಮ್ನೆ ಬಂದು ನಿಮ್ ಟೈಮೂ ವೇಸ್ಟ್ ಮಾಡಲ್ಲ."

ನಾನು ತಕ್ಷಣ "ಬನ್ನಿ" ಅನ್ನಲಿಲ್ಲ. ಎರಡು ಸೆಕೆಂಡ್ ಸುಮ್ಮನಾದೆ. ಅಮ್ಮ ಏನಂತಾರೋ, ಪಕ್ಕದ ಮನೆಯವರು ಏನಂತಾರೋ ಅಂತ ಆ ಎರಡು ಸೆಕೆಂಡಿನಲ್ಲಿ ತಲೆ ಲೆಕ್ಕ ಹಾಕಿತು. ಸಮಾನತೆಯ ಬಗ್ಗೆ ಇಷ್ಟೊಂದು ಬರೆದವನ ತಲೆ ಇದು. ಆ ಮೌನ ಅವರಿಗೂ ಕೇಳಿಸಿರುತ್ತದೆ. ಎಷ್ಟು ಸಲ ಕೇಳಿಸಿಕೊಂಡಿದ್ದಾರೋ.

ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳಲ್ಲಿ ಯಾರನ್ನೂ ತಡೆಯಬಾರದು ಅನ್ನುತ್ತದೆ. ಬಾಡಿಗೆ ಮನೆಯ ಮಾತು ಅಲ್ಲಿಲ್ಲ. ಅಹಮದಾಬಾದಿನ ಪಾರ್ಸಿ ಗೃಹ ಸಹಕಾರ ಸಂಘವೊಂದು ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಅಂದಿದ್ದನ್ನು 2005ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಜಾತಿಯ ವಿಷಯದಲ್ಲಿ ಮಾತ್ರ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಇದೆ. ಅಸ್ಪೃಶ್ಯತೆಯ ಕಾರಣಕ್ಕೆ ಯಾರನ್ನಾದರೂ ಒಂದು ಮನೆಯಲ್ಲಿ ವಾಸಿಸದಂತೆ ತಡೆದರೆ ಅದು ಅಪರಾಧ. ಆದರೆ "ಈಗಷ್ಟೇ ಬೇರೆಯವರಿಗೆ ಮಾತಾಯ್ತು" ಅಂತ ನಗುತ್ತಾ ಹೇಳುವ ಓನರ್ ಮೇಲೆ ಯಾರು ಕೇಸು ಹಾಕುತ್ತಾರೆ? ಇನ್ನು, ನಾನು ಹೊಗಳಿದ ಮಾದರಿ ಕಾಯ್ದೆಯಲ್ಲೂ ತಾರತಮ್ಯದ ವಿರುದ್ಧ ಒಂದು ಸಾಲಿಲ್ಲ.

ಅವರು ಬಂದರು. ಅಮ್ಮ ಕೇಳಿದ್ದು "ಎಷ್ಟು ಜನ ಇದ್ದೀರಪ್ಪ, ನೀರು ಎರಡು ದಿನಕ್ಕೊಂದ್ಸಲ ಬರೋದು" ಅಂತ ಅಷ್ಟೇ. ಮನೆ ನೋಡಿ, "ಮೆಟ್ರೋ ದೂರ ಆಯ್ತು ಸರ್" ಅಂತ ಅವರೇ ಬೇಡ ಅಂದರು. ಆಮೇಲೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಮಾಡುವ ಇಬ್ಬರು ಹೆಣ್ಣುಮಕ್ಕಳು ಬಂದರು. ನೈಟ್ ಶಿಫ್ಟ್ ಅನ್ನುವ ಕಾರಣಕ್ಕೆ ಮೂರು ಕಡೆ ಅವರಿಗೆ ಮನೆ ಸಿಕ್ಕಿರಲಿಲ್ಲ.

ಅಗ್ರಿಮೆಂಟಿನಲ್ಲಿ ಬರೆದದ್ದು

ಕಾನೂನು ಇಲ್ಲದ ಕಡೆ ಅಗ್ರಿಮೆಂಟೇ ಕಾನೂನು. ಹಾಗಾಗಿ ಜೆರಾಕ್ಸ್ ಅಂಗಡಿಯ ರೆಡಿಮೇಡ್ ನಮೂನೆ ಬಿಟ್ಟು ನಾವೇ ಕೂತು ಬರೆದೆವು. ಅಡ್ವಾನ್ಸ್ ಮೂರು ತಿಂಗಳದ್ದು. ಮೂಲಕ್ಕೆ ಎರಡಿತ್ತು, ಅಪ್ಪ ಮೂರಕ್ಕೆ ಒಪ್ಪಿದ್ದೇ ಹೆಚ್ಚು. ಬೀಗ ಕೊಡುವ ದಿನ ಗೋಡೆ, ನಲ್ಲಿ, ಗೀಸರ್, ಮೀಟರ್ ರೀಡಿಂಗ್ ಎಲ್ಲದರ ಫೋಟೋ ತೆಗೆದು ಎರಡೂ ಕಡೆ ಇಟ್ಟುಕೊಂಡೆವು. ಖಾಲಿ ಮಾಡುವಾಗ ಫೋಟೋದಲ್ಲಿಲ್ಲದ ಹಾನಿಗಷ್ಟೇ ಕಡಿತ, ಅದೂ ಬಿಲ್ ತೋರಿಸಿ. ವೈರಿಂಗ್, ಪೈಪು, ಪೇಂಟು ನಮ್ಮದು. ಸ್ವಿಚ್ಚು, ನಲ್ಲಿಯ ವಾಷರ್ ಅವರದ್ದು. ಮನೆಯೊಳಗೆ ಹೋಗಬೇಕಾದರೆ 24 ಗಂಟೆ ಮೊದಲು ತಿಳಿಸಬೇಕು. ಯಾರು ಬರ್ತಾರೆ, ಏನು ತಿಂತಾರೆ ಅನ್ನುವುದರ ಬಗ್ಗೆ ಒಂದೂ ಕಲಮಿಲ್ಲ. ಗೃಹಜ್ಯೋತಿಗೆ ಅವರೇ ಅರ್ಜಿ ಹಾಕಿಕೊಳ್ಳಲಿ ಅಂತ ಆರ್‌ಆರ್ ನಂಬರ್ ಕೊಟ್ಟೆವು.

ಬಾಡಿಗೆ ಬರುವುದು ಬ್ಯಾಂಕಿಗೆ. ಬಾಡಿಗೆ ಕೊಟ್ಟ ಮನೆಗೆ ಬೆಂಗಳೂರಿನಲ್ಲಿ ಆಸ್ತಿ ತೆರಿಗೆಯ ದರ ಸ್ವಂತ ವಾಸದ ಎರಡು ಪಟ್ಟು. ಅದನ್ನು ತಪ್ಪಿಸೋಕೆ "ಅಗ್ರಿಮೆಂಟ್ ಬೇಡ, ಕ್ಯಾಶ್ ಕೊಡಿ" ಅನ್ನುವ ಓನರುಗಳಿದ್ದಾರೆ. ಅವರು ಉಳಿಸುವ ತೆರಿಗೆಯ ಬೆಲೆ ತೆರುವವರು ಬಾಡಿಗೆದಾರರು: ವಿಳಾಸದ ಪುರಾವೆ ಇಲ್ಲ, ಕೊಟ್ಟ ಅಡ್ವಾನ್ಸಿಗೂ ಪುರಾವೆ ಇಲ್ಲ. ಬಾಡಿಗೆ ಆದಾಯದಲ್ಲಿ ಆಸ್ತಿ ತೆರಿಗೆ ಕಳೆದು ಉಳಿದದ್ದಕ್ಕೆ ಯಾವ ರಸೀದಿಯೂ ಇಲ್ಲದೆ ಶೇ. 30 ವಿನಾಯಿತಿ ಆದಾಯ ತೆರಿಗೆಯಲ್ಲಿದೆ ಅನ್ನುವುದು ಬಹಳ ಓನರುಗಳಿಗೆ ಗೊತ್ತೇ ಇಲ್ಲ.

ಇಷ್ಟೆಲ್ಲ ಮಾಡಿದೆವು ಅಂತ ಬೆನ್ನು ತಟ್ಟಿಕೊಳ್ಳಲು ಇದನ್ನು ಬರೆಯಲಿಲ್ಲ. ನಾಳೆ ನನ್ನ ಮನಸ್ಸು ಬದಲಾದರೆ ಈ ಅಗ್ರಿಮೆಂಟೂ ಹನ್ನೊಂದು ತಿಂಗಳಿಗೆ ಮುಗಿಯುತ್ತದೆ. ಒಬ್ಬರ ತಲೆ ಮೇಲಿನ ಸೂರು ಓನರಿನ ಒಳ್ಳೆಯತನದ ಮೇಲೆ ನಿಲ್ಲಬಾರದು. 3,500ರ ಮಿತಿ ತೆಗೆಯಿರಿ, ಅಡ್ವಾನ್ಸಿಗೆ ಮಿತಿ ಹಾಕಿ, ಬೇಗ ತೀರ್ಪು ಕೊಡುವ ಬಾಡಿಗೆ ನ್ಯಾಯಾಲಯ ಕೊಡಿ, ಜಾತಿ-ಧರ್ಮ ಕೇಳಿ ಮನೆ ನಿರಾಕರಿಸುವುದು ಅಪರಾಧ ಅಂತ ಬರೆಯಿರಿ. ಮುಂದಿನ ಚುನಾವಣೆಗೆ ಮತ ಕೇಳಿಕೊಂಡು ಬರುವವರಿಗೆ ಈ ನಾಲ್ಕನ್ನೂ ಕೇಳೋಣ. ಅವರು ಬಾಡಿಗೆದಾರರ ಮನೆಗೂ ಬರುತ್ತಾರೆ, ಓನರುಗಳ ಮನೆಗೂ ಬರುತ್ತಾರೆ. ನಮ್ಮಲ್ಲಿ ಎರಡೂ ಒಂದೇ ಗೇಟು.